ನಾವೇ ಸವೆಸಿದ ದಾರಿ

ಶನಿವಾರ ಬೆಳಗ್ಗೆ,
ಅಮ್ಮನ ಅಡುಗೆಮನೆಯಿಂದ

ಅಕ್ಕಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಹೇಗಿದ್ದೀಯೆಂದು ಭಾವ ನಿನ್ನೆ ಸಂಜೆ ಫೋನು ಮಾಡಿ ಹೇಳಿದ್ದಾರೆ. ಗುರುವಾರದಿಂದ ನೀನು ನೆಟ್ಟಗೆ ಊಟ ಮಾಡಿಲ್ಲವಂತೆ. ಊಟದ ಮೇಜಿನ ತುಂಬ ನಕ್ಷೆ ಹರಡಿಕೊಂಡು ಕೂತಿದ್ದೀಯಂತೆ, ಪಾಪ, ಅವರು ತಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತು ತಿನ್ನುತ್ತಿದ್ದಾರಂತೆ. ಯಾಕೆ ಏನು ಎಂದು ವಿಚಾರಿಸಿದರೆ "ನಿಮ್ಮ ನಾದಿನೀನೇ ಕೇಳಿ" ಅಂದೆಯಂತೆ. ಅವರು ಕೇಳಿದರು. ನಾನು ಏನೇನೋ ಹೇಳಿ ಜಾರಿಕೊಂಡೆ. ಇಷ್ಟು ವರ್ಷ ನಮ್ಮಿಬ್ಬರ ಜಗಳದಲ್ಲಿ ಅವರನ್ನು ಎಳೆದು ತಂದಿಲ್ಲ, ಈಗ ತರುವುದು ಬೇಡ ಎನ್ನಿಸಿತು.

ಫೋನಿನಲ್ಲಿ ಹೇಳೋಣವೆಂದರೆ ನೀನು ಪಟ್ಟಂತ ಇಟ್ಟುಬಿಡುತ್ತೀಯ. ಎದುರಿಗೆ ಬಂದು ಹೇಳೋಣವೆಂದರೆ ನನಗೆ ಧೈರ್ಯವಿಲ್ಲ. ನೀನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು "ಸರಿ, ಈಗ ನಿಧಾನಕ್ಕೆ ಹೇಳು" ಅಂದರೆ ಸಾಕು, ನನಗೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಅದಕ್ಕೇ ಕಾಗದ. ಹರಿದು ಹಾಕಿದರೂ ಹಾಕುತ್ತೀಯ, ಆದರೆ ಹರಿಯುವ ಮೊದಲು ಓದೇ ಓದುತ್ತೀಯ. ನಿನ್ನ ಕುತೂಹಲ ನನಗೆ ಗೊತ್ತಿಲ್ಲದ್ದೇ? ಅಮ್ಮನನ್ನು ನೋಡಲು ಭಾವ ಮಧ್ಯಾಹ್ನ ಬರುತ್ತಾರೆ, ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ಸೋಮವಾರದ ಅಹವಾಲು ಸಭೆಯಲ್ಲಿ ನಿನ್ನ ವರದಿ ಒಪ್ಪಿಗೆಯಾದರೆ ಆಸ್ಪತ್ರೆ ಹಿಂದಿನ ಓಣಿಯಲ್ಲಿ ಏಳು ಮನೆ ಬೀಳುತ್ತವೆ. ಆ ಮನೆಗಳನ್ನು ಬೀಳಿಸಲು ನೀನು ಕೊಟ್ಟ ಕಾರಣ ತಪ್ಪು. ತಪ್ಪೆಂದು ನನಗೆ ಗೊತ್ತಾಗಿದೆ. ಗೊತ್ತಾಗಿದೆಯೆಂದು ನಿನಗೂ ಗೊತ್ತು.

ಈ ಫೈಲು ನನ್ನ ಮೇಜಿಗೆ ಹೇಗೆ ಬಂತೆಂಬುದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ನಮ್ಮ ದೊಡ್ಡ ಸಾಹೇಬರು ಕರೆದು, "ನಿಮ್ ಅಕ್ಕನ ಕೆಲಸ ಅಲ್ವಾ, ನೀವೇ ಪರಿಶೀಲನೆ ಮಾಡಿಬಿಡಿ, ಬೇಗ ಮುಗಿಯುತ್ತೆ" ಅಂದರು. ಬೇಡ ಸಾರ್, ಬೇರೆ ಯಾರಿಗಾದರೂ ಕೊಡಿ ಎಂದು ಬಾಯಲ್ಲೂ ಹೇಳಿದೆ, ಬರೆದೂ ಕೊಟ್ಟೆ. ಅವರು ನಕ್ಕರು. ಆ ನಗು ನನಗೆ ಆಮೇಲೆ ಅರ್ಥವಾಯಿತು. ನಾನು ಒಪ್ಪಿದರೆ ಅಕ್ಕನಿಗೆ ತಂಗಿ ಸಹಿ ಹಾಕಿದಳು ಎನ್ನಬಹುದು, ಒಪ್ಪದಿದ್ದರೆ ಒಡಹುಟ್ಟಿದವಳೇ ಒಪ್ಪಲಿಲ್ಲ ಎನ್ನಬಹುದು. ಹೇಗೆ ಬಿದ್ದರೂ ಅವರು ಕಟ್ಟಿಸಬೇಕೆಂದಿರುವ ಫ್ಲೈಓವರಿಗೆ ದಾರಿ ಸುಗಮ. ನಡೆದು ಹೋಗುವವರ ಊರು ಕಟ್ಟಬೇಕೆಂಬ ನಿನ್ನ ಯೋಜನೆಯನ್ನು ಕಂಡರೆ ಆ ಮನುಷ್ಯನಿಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಕಾರಿನಿಂದ ಇಳಿದರೆ ನೇರ ಲಿಫ್ಟಿಗೇ ಹತ್ತುವವರು, ಫುಟ್‌ಪಾತ್ ಎಂದರೆ ಅವರಿಗೆ ಡ್ರೈವರ್ ಕಾರು ನಿಲ್ಲಿಸುವ ಜಾಗ.

ಆದ್ದರಿಂದ ನಿನ್ನ ವರದಿ ಗೆಲ್ಲಲೇಬೇಕೆಂದು ಹಟ ಹಿಡಿದು ಕೂತೇ ಓದಿದೆ. ಯಾರೂ ಬೆರಳು ತೋರಿಸದಂತೆ, ಒಂದೊಂದು ನಕ್ಷೆಯನ್ನೂ ಅಳೆದು ನೋಡಿ ಟಿಪ್ಪಣಿ ಬರೆಯಬೇಕು ಎಂದುಕೊಂಡೆ. ಶಾಲೆಯ ಮುಂದಿನ ದಾಟುದಾರಿ, ಮಾರುಕಟ್ಟೆಯ ಸುತ್ತ ನೆರಳಿನ ಮರಗಳು, ಕೆರೆದಂಡೆಯ ಮೆಟ್ಟಿಲು, ಎಲ್ಲ ಬಂಗಾರದಂಥ ಕೆಲಸ. ಓದುತ್ತ ಓದುತ್ತ ನನಗೆ ಜಂಬ ಬಂತು. ನಮ್ಮಕ್ಕ ನೋಡಿ ಎಂದು ಪಕ್ಕದ ಮೇಜಿನವಳಿಗೆ ಎರಡು ಸಲ ಹೇಳಿಬಿಟ್ಟೆ.

ಆಮೇಲೆ ಬಂತು ಆ ಹಳೇ ಗೋದಾಮಿನ ಬಯಲು. ಮೇಲಿನಿಂದ ತೆಗೆದ ಡ್ರೋನ್ ಚಿತ್ರದಲ್ಲಿ ಹುಲ್ಲಿನ ನಡುವೆ ಒಂದು ಗೀಟು. ಬಸ್‌ಸ್ಟಾಪಿನಿಂದ ಓರೆಯಾಗಿ ಹೊರಟು ಬಯಲು ದಾಟಿ ಓಣಿಯ ಮನೆಗಳ ಹಿಂಗೋಡೆಗೆ ಬಂದು ನಿಲ್ಲುವ, ಎದ್ದು ಕಾಣುವ ಕಾಲುದಾರಿ. ಗೋಡೆಯ ಆಚೆ ಓಣಿ, ಓಣಿಯ ಆಚೆ ಆಸ್ಪತ್ರೆ. ನೀನು ಬರೆದಿದ್ದೆ: ರೋಗಿಗಳೂ ಅವರ ಕಡೆಯವರೂ ಬಸ್ಸಿಳಿದು ಈ ಗೋಡೆಯವರೆಗೆ ನೇರ ಬರುತ್ತಾರೆ, ದಾರಿಯಿಲ್ಲದೆ ಸುತ್ತು ಹಾಕುತ್ತಾರೆ, ಜನರ ಕಾಲೇ ಇಲ್ಲಿ ರಸ್ತೆ ಕೇಳುತ್ತಿದೆ. ಆದ್ದರಿಂದ ಏಳು ಮನೆ ತೆಗೆದು ನೆರಳಿರುವ ಅಗಲ ಕಾಲುದಾರಿ ಮಾಡಬೇಕು, ಮನೆಯವರಿಗೆ ಊರಂಚಿನ ಎತ್ತರದ ಕಟ್ಟಡಗಳಲ್ಲಿ ಜಾಗ ಕೊಡಬೇಕು. ಸರ್ವೆಗೆಂದು ಬಯಲಿನ ಅಂಚಿನಲ್ಲಿಟ್ಟ ಕ್ಯಾಮೆರಾ ಎಣಿಸಿದ ಜನರ ಸಂಖ್ಯೆಯೂ ಪಕ್ಕದಲ್ಲಿತ್ತು. ಓದಿದವರು ಯಾರೂ ಇಲ್ಲವೆನ್ನುವ ಹಾಗಿಲ್ಲ. ನಾನೂ ಎನ್ನಲಿಲ್ಲ.

ಆದರೆ ಯಂತ್ರದ ಎಣಿಕೆಯನ್ನು ಹಾಗೇ ನಂಬಬಾರದು, ಪರಿಶೀಲಿಸುವವರು ಒಂದಷ್ಟು ವಿಡಿಯೋ ಕಣ್ಣಾರೆ ನೋಡಿ ತಾಳೆ ಹಾಕಬೇಕು ಎಂಬ ನಿಯಮವಿದೆಯಲ್ಲ, ನಮ್ಮ ಇಲಾಖೆಯ ಜೊತೆ ಕಿತ್ತಾಡಿ ಆ ನಿಯಮ ಮಾಡಿಸಿದವಳು ನೀನೇ. ಸರಿ, ನೋಡಲು ಕೂತೆ. ನಡೆಯುವ ಪ್ರತಿಯೊಬ್ಬರ ತಲೆಯ ಸುತ್ತ ಒಂದು ಹಸಿರು ಚೌಕ ಮೂಡುತ್ತದೆ, ಪಕ್ಕದಲ್ಲಿ ಗಂಡೋ ಹೆಣ್ಣೋ, ವಯಸ್ಸೆಷ್ಟಿರಬಹುದು ಎಂದು ಬರುತ್ತದೆ. ಸ್ವಲ್ಪ ಹೊತ್ತಿಗೆ ಒಬ್ಬಳು ಬಂದಳು. ಕೈಯಲ್ಲಿ ದೊಡ್ಡ ಚೀಲ, ಒಂದು ಭುಜ ಜೋತು ಬಿದ್ದಿದೆ, ಕೆಸರು ತಪ್ಪಿಸಲು ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತಿದ್ದಾಳೆ. ಯಾರಪ್ಪಾ ಇದು ಇಷ್ಟು ಸೊಟ್ಟ ನಡೆಯುತ್ತಾಳೆ ಎಂದು ಹತ್ತಿರ ಮಾಡಿ ನೋಡಿದರೆ ನಾನು! ಚೀಲದಲ್ಲಿರುವುದು ಅಮ್ಮ ನಿನಗೆಂದು ಕಟ್ಟಿಕೊಟ್ಟ ಊಟದ ಡಬ್ಬಿ. ಪಕ್ಕದಲ್ಲಿ ಬರೆದಿತ್ತು: ನಿವಾಸಿ, ಹೆಣ್ಣು, ಅರವತ್ತರ ಸುಮಾರು. ಮೊದಲು ನನಗೆ ಬಂದದ್ದು ಸಿಟ್ಟು. ನಲವತ್ತೈದಕ್ಕೇ ಅರವತ್ತು ಮಾಡಿದ ಆ ಯಂತ್ರವನ್ನು ಚೆನ್ನಾಗಿ ಬೈದೆ.

ಬೈದು ಮುಗಿದ ಮೇಲೆ ವಿಡಿಯೋ ನಿಲ್ಲಿಸಿದೆ. ನನ್ನನ್ನು ಎಣಿಸಿದ್ದರೆ ಇನ್ನು ಯಾರನ್ನೆಲ್ಲ ಎಣಿಸಿದೆ? ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ನಿನ್ನ ಸರ್ವೆ ತಂಡದ ಉದ್ದ ಜಡೆಯ ಹುಡುಗಿ ಹೋಗುತ್ತಾಳೆ, ಚೌಕ ಮೂಡುತ್ತದೆ. ಅಳತೆಯ ಕೋಲು ಹೊತ್ತವನು, ಚೌಕ. ನೀರಿನ ಬಾಟಲಿ ತುಂಬಿಸಿಕೊಂಡು ಬರುವವಳು, ಚೌಕ. ಅದೇ ಮುಖಗಳು ಹೋಗುತ್ತವೆ, ಬರುತ್ತವೆ. ಒಂದು ಕಡೆ ನೀನೇ ಇದ್ದೀಯ ಅಕ್ಕಾ. ಸೊಂಟದ ಮೇಲೆ ಕೈಯಿಟ್ಟು ಬಯಲಿನ ನಡುವೆ ನಿಂತು ಯಾರನ್ನೋ ಗದರಿಸುತ್ತಿದ್ದೀಯ. ಅಲ್ಲೂ ಹಸಿರು ಚೌಕ. ಬೇರೆ ಜನ ಇಲ್ಲವೇ ಇಲ್ಲವೆಂದಲ್ಲ, ಇದ್ದಾರೆ, ಹುಡುಕಿದರೆ ಸಿಗುವಷ್ಟು.

ಸರ್ವೆಯವರು ಕಿತ್ತಳೆ ಬಣ್ಣದ ಜಾಕೆಟ್ ಹಾಕಿರಬೇಕು, ಜಾಕೆಟ್ ಕಂಡರೆ ಯಂತ್ರ ಅವರನ್ನು ಬಿಟ್ಟು ಎಣಿಸುತ್ತದೆ, ಅಲ್ಲವೇ? ಆದರೆ ಆ ಜಾಕೆಟ್ ತೆಗೆಸಿದ್ದು ನೀನು. ನಾನು ಡಬ್ಬಿ ತಂದ ಮೊದಲನೇ ವಾರವೇ ನೀನು ಹೇಳಿದ್ದೆ, "ಈ ಬಣ್ಣ ಕಂಡ್ರೆ ಜನ ಮನೆ ಒಡೆಯೋಕೆ ಬಂದ್ರು ಅಂತ ಹೆದರ್ತಾರೆ ಕಣೇ, ದಾರಿ ಬದಲಾಯಿಸ್ತಾರೆ, ಎಣಿಕೆ ಸುಳ್ಳಾಗುತ್ತೆ" ಅಂತ. ಎಣಿಕೆ ನಿಜವಾಗಲಿ ಎಂದು ಜಾಕೆಟ್ ಬಿಚ್ಚಿಸಿದೆ. ಯಂತ್ರಕ್ಕೆ ಅದನ್ನು ತಿಳಿಸುವುದು ಯಾರಿಗೂ ಹೊಳೆಯಲಿಲ್ಲ. ಬಿಚ್ಚಿದ ಜಾಕೆಟ್‌ಗಳನ್ನು ಇಡಲಿಕ್ಕೆ, ನೀರಿಗೆ, ಬಚ್ಚಲಿಗೆ ಎಂದು ಓಣಿಯ ಮೂಲೆಮನೆಯ ಟೈಲರಮ್ಮನ, ಬಯಲಿನ ಕಡೆಗೆ ಬಾಗಿಲಿರುವ ಹಿಂದಿನ ಕೋಣೆ ಹಿಡಿದಿರಿ. ಬಸ್ಸಿಳಿದು ಆ ಕೋಣೆಗೆ ದಿನಾ ಅಷ್ಟು ಜನ ನಡೆದು ನಡೆದು ಹುಲ್ಲು ಸತ್ತು ದಾರಿಯಾಯಿತು. ಮಳೆಗಾಲ ಕಳೆದು ಡ್ರೋನ್ ಹಾರುವ ಹೊತ್ತಿಗೆ ನೀನು ನಿಮ್ಮ ಸಂಸ್ಥೆಯ ಕಚೇರಿ ಸೇರಿದ್ದೆ, ನಿನ್ನ ಕಣ್ಣಿಗೆ ಬಿದ್ದದ್ದು ಮೇಲಿನಿಂದ ಕಂಡ ಗೀಟು ಮತ್ತು ಒಂದು ತಗಡಿನ ಸೂರು. ಆ ಸೂರಿನ ಕೆಳಗೇ ಕೂತು ನೀನು ಊಟ ಮಾಡಿದ್ದೆ ಎಂಬುದು ಚಿತ್ರದಲ್ಲಿ ಎಲ್ಲಿ ಕಾಣಬೇಕು?

ಇಷ್ಟೇ ಆಗಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ. ಬುಧವಾರ ಅಲ್ಲಿಗೆ ಹೋಗಿದ್ದೆ. ನೋಡಿದ್ದು ಸರಿಯೋ ತಪ್ಪೋ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಬೆಳಗಿನಿಂದ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಆಸ್ಪತ್ರೆಗೆ ಹೋಗುವವರನ್ನು ನೋಡಿದೆ. ಒಬ್ಬರೂ ಬಯಲಿಗೆ ಇಳಿಯಲಿಲ್ಲ. ಮುದುಕರನ್ನು ಕೈಹಿಡಿದು ಕರೆತಂದವರು ಹೊಂಡ ಗುಂಡಿಯ ಬಯಲಿಗೆ ಯಾಕಾದರೂ ಇಳಿಯುತ್ತಾರೆ? ಎಲ್ಲರೂ ದೊಡ್ಡ ರಸ್ತೆಯ ಅಂಚಿನಲ್ಲೇ, ಚರಂಡಿಯ ಒಡೆದ ಚಪ್ಪಡಿಗಳ ಮೇಲೆ, ಬಸ್ಸುಗಳ ಹೊಗೆಯಲ್ಲಿ ಒಬ್ಬರ ಹಿಂದೊಬ್ಬರು ಹೋಗುತ್ತಾರೆ. ಒಬ್ಬ ಗರ್ಭಿಣಿ ಚಪ್ಪಡಿ ಅಲುಗಾಡಿದ್ದಕ್ಕೆ ಗಕ್ಕನೆ ನಿಂತಳು. ಮುಂದೆ ಕಾಲಿಡಲು ಹೆದರಿ ಲೈಟಿನ ಕಂಬ ಅಪ್ಪಿ ಹಿಡಿದು ನಿಂತೇ ಇದ್ದಳು. ನಾನೇ ಹೋಗಿ ದಾಟಿಸಿದೆ. ಕಾಂಕ್ರೀಟಿನ ಮೇಲೆ ಎಷ್ಟು ಜನ ನಡೆದರೂ ಗೀಟು ಬೀಳುವುದಿಲ್ಲ ಅಕ್ಕಾ. ಡ್ರೋನಿಗೆ ಅವರು ಕಾಣಲೇ ಇಲ್ಲ.

ಆಮೇಲೆ ಓಣಿಗೆ ಹೋದೆ. ಟೈಲರಮ್ಮ ನನ್ನ ಗುರುತು ಹಿಡಿದು ಒಳಗೆ ಕರೆದರು, ಹೊಲಿಯುತ್ತಿದ್ದ ಶಾಲೆಯ ಸಮವಸ್ತ್ರಗಳನ್ನು ಸರಿಸಿ ಕುರ್ಚಿ ಖಾಲಿ ಮಾಡಿಕೊಟ್ಟರು. ನಿನ್ನನ್ನೇ ಕೇಳಿದರು. "ನಿಮ್ ಅಕ್ಕೋರಿಗೆ ಸಕ್ಕರೆ ಕಾಯಿಲೆ ಈಗ ಹೆಂಗಿದೆ? ಹೊತ್ತಿಗೆ ಸರಿಯಾಗಿ ತಿಂತಾರಾ? ನಮ್ ಓಣೀಗೆ ಒಳ್ಳೇ ದಾರಿ ಮಾಡಿಸಿ ಕೊಡ್ತೀನಿ ಅಂದಿದ್ರು" ಅಂತ. ನೋಟಿಸು ಇನ್ನೂ ಹೋಗಿಲ್ಲ, ಅವರಿಗೆ ಏನೂ ಗೊತ್ತಿಲ್ಲ. ನಿನ್ನ ಕಾಲುದಾರಿಗೆ ಮೊದಲು ಬೀಳುವುದು ಅವರದೇ ಮನೆ. ನಮಗೆ ಕೋಣೆ ಕೊಟ್ಟರು, ಕೊಟ್ಟದ್ದಕ್ಕೇ ಅವರ ಮನೆಯವರೆಗೆ ದಾರಿ ಬಿತ್ತು, ದಾರಿ ಬಿದ್ದದ್ದಕ್ಕೇ ಮನೆ ಹೋಗುತ್ತದೆ. ಅವರು ಕೊಟ್ಟ ನೀರನ್ನು ಕುಡಿಯದೆ ಕೆಳಗಿಟ್ಟೆ. ಗೋಡೆಗೆ ಒರಗಿಸಿದ ಹೊಲಿಗೆ ಮಿಷನ್ನು, ಅದರ ಮೇಲಿನ ಸಣ್ಣ ಕಿಟಕಿ, ಎಲ್ಲ ನೋಡುತ್ತ ಕಳ್ಳಿಯ ಹಾಗೆ ಕೂತಿದ್ದು ಎದ್ದು ಬಂದೆ.

ಗುರುವಾರ ನಿನಗೆ ಫೋನು ಮಾಡಿದ್ದು ಅದಕ್ಕೇ. ನೀನು "ಅಯ್ಯೋ ದೇವರೇ" ಎಂದು ಕೂಗುತ್ತೀಯ, ಇಬ್ಬರೂ ಸೇರಿ ತಲೆ ಚಚ್ಚಿಕೊಂಡು ಏನಾದರೂ ಮಾಡುತ್ತೇವೆ ಎಂದುಕೊಂಡಿದ್ದೆ. ಜಾಕೆಟ್ ತೆಗೆದ ಮೇಲೆ ಯಂತ್ರದ ಲೆಕ್ಕ ಬದಲಾಯಿಸಿದ್ದೀರಾ ಎಂದಷ್ಟೇ ಕೇಳಿದೆ. ನೀನು ಬಹಳ ಮೆತ್ತಗೆ, "ಆ ವಿಷಯ ಸೋಮವಾರ ಕಳೀಲಿ ಬಿಡು" ಅಂದೆ.

ಅಕ್ಕಾ, ನಿನಗೆ ಮೊದಲೇ ಗೊತ್ತಿತ್ತು.

ಎಂದಿನಿಂದ ಎಂದು ಕೇಳಿದ್ದಕ್ಕೆ ನೀನು ಫೋನಿಟ್ಟೆ. ಆಗಿನಿಂದ ನನಗೂ ಅನ್ನ ಸೇರುತ್ತಿಲ್ಲ. ತಪ್ಪು ಮಾಡಿದ್ದಕ್ಕೆ ನನಗೆ ನಿನ್ನ ಮೇಲೆ ಎಳ್ಳಷ್ಟೂ ಬೇಸರವಿಲ್ಲ, ಅದು ಶ್ರದ್ಧೆಯಿಂದಲೇ ಆದ ತಪ್ಪು. ಗೊತ್ತಾದ ಮೇಲೂ ನೀನು ಬಾಯಿಗೆ ಬೀಗ ಹಾಕಿಕೊಂಡೆಯಲ್ಲ, ಅದು ನನ್ನ ಹೊಟ್ಟೆ ಉರಿಸುತ್ತಿದೆ. ನೀನು ಏನೆನ್ನುತ್ತೀಯ ಎಂಬುದು ನನಗೆ ಬಾಯಿಪಾಠ. ಒಂದು ಎಳೆ ಎಳೆದರೆ ಇಡೀ ಬಟ್ಟೆ ಬಿಚ್ಚಿಹೋಗುತ್ತದೆ, ಶಾಲೆಯ ದಾಟುದಾರಿ ಹೋಗುತ್ತದೆ, ಮರಗಳು ಹೋಗುತ್ತವೆ, ಆ ಜಾಗದಲ್ಲೆಲ್ಲ ಸಾಹೇಬರ ಕಂಬಗಳು ಏಳುತ್ತವೆ, ಏಳು ಮನೆಗಾಗಿ ಇಡೀ ಊರಿನ ಕಾಲು ಮುರಿಯುತ್ತೀಯಾ, ಮೊದಲು ಒಪ್ಪಿಗೆ ಸಿಗಲಿ, ಆಮೇಲೆ ಆ ಒಂದು ಗೀಟನ್ನು ಮೆಲ್ಲಗೆ ತಿದ್ದಿದರಾಯಿತು ಎನ್ನುತ್ತೀಯ. ಸುಳ್ಳಲ್ಲ, ನಿನ್ನ ಭಯ ನಿಜವಾದದ್ದು. ಅವರು ಹಾಗೆ ಮಾಡಿಯೇ ಮಾಡುತ್ತಾರೆ. ಅದನ್ನು ನೆನೆದರೆ ನನಗೂ ಎದೆ ಹಿಂಡುತ್ತದೆ, ಯಾಕೆಂದರೆ ಆ ವರದಿಗಾಗಿ ನೀನು ಕಳೆದುಕೊಂಡದ್ದನ್ನೆಲ್ಲ ಹತ್ತಿರದಿಂದ ನೋಡಿದವಳು ನಾನು.

ಆದರೆ ನಮ್ಮ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವಳು ನಾನು. ಒಪ್ಪಿಗೆಯಾದ ನಕ್ಷೆಯ ಗೀಟನ್ನು ಆಮೇಲೆ ಮೆಲ್ಲಗೆ ತಿದ್ದಿದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಅಲ್ಲಿ ಬೇಗ ಆಗುವ ಕೆಲಸವೆಂದರೆ ಒಡೆಯುವುದೊಂದೇ. ನಿನ್ನ ಮರಗಳಿಗೆ ದುಡ್ಡಿಲ್ಲ ಎನ್ನುತ್ತಾರೆ, ಏಳು ಮನೆಗೆ ಮಾತ್ರ ಮರುವಾರವೇ ಜೆಸಿಬಿ ಕಳಿಸುತ್ತಾರೆ. ಆ ದಿನ ಟೈಲರಮ್ಮ ಯಾರ ಹೆಸರು ಹಿಡಿದು ಅಳುತ್ತಾರೆ ಎಂದು ಯೋಚನೆ ಮಾಡು. ಸಾಹೇಬರು ಯಾರೆಂದು ಅವರಿಗೆ ಗೊತ್ತೇ ಇಲ್ಲ.

ನನಗೆ ತೋಚಿದ್ದು ಹೇಳುತ್ತೇನೆ, ಬುದ್ಧಿ ಹೇಳುತ್ತಿದ್ದೀಯಾ ಎಂದು ಮೂತಿ ಊದಿಸಬೇಡ. ಸೋಮವಾರ ನೀನೇ ಎದ್ದು ನಿಂತು ಹೇಳು. ಬಯಲಿನ ದಾರಿ ನಾವೇ ಸವೆಸಿದ್ದು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಆಸ್ಪತ್ರೆಗೆ ಹೋಗುವವರು ನಿಜವಾಗಿ ನಡೆಯುವುದು ದೊಡ್ಡ ರಸ್ತೆಯಲ್ಲಿ, ಅಲ್ಲಿ ಒಂದೇ ಒಂದು ಮನೆ ಮುಟ್ಟದೆ ಚಪ್ಪಡಿ ಸರಿಮಾಡಿ ರಸ್ತೆಯ ಒಂದು ಸಾಲನ್ನು ವಾಹನಗಳಿಂದ ಬಿಡಿಸಿಕೊಟ್ಟರೆ ಸಾಕು ಎಂದು ಹೇಳು. ತಪ್ಪನ್ನು ತಾನೇ ಹಿಡಿದವಳ ಉಳಿದ ಕೆಲಸವನ್ನು ಜನ ಹೆಚ್ಚು ನಂಬುತ್ತಾರೋ ಕಡಿಮೆ ನಂಬುತ್ತಾರೋ ನನಗೆ ಗೊತ್ತಿಲ್ಲ. ಸಾಹೇಬರಂತೂ ಹಬ್ಬ ಮಾಡುತ್ತಾರೆ. ನಿನ್ನನ್ನು ಸಂಸ್ಥೆಯಲ್ಲಿ ಮುಂದುವರಿಸುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ನಿನಗೆ ಸುಳ್ಳು ಸಮಾಧಾನ ಹೇಳಲಾರೆ.

ನನ್ನ ಪರಿಶೀಲನಾ ಟಿಪ್ಪಣಿ ಬರೆದು ಮುಗಿದಿದೆ, ಕಚೇರಿಯ ಮೇಜಿನ ಡ್ರಾಯರಿನಲ್ಲಿದೆ. ವಿಡಿಯೋದಲ್ಲಿ ನಾನೇ ಇದ್ದದ್ದನ್ನೂ ಸೇರಿಸಿ ಎಲ್ಲವನ್ನೂ ಬರೆದಿದ್ದೇನೆ. ಇನ್ನೂ ಯಾರಿಗೂ ಕೊಟ್ಟಿಲ್ಲ. ನಿನ್ನ ಮಾತಿಗೆ ಕಾಯುತ್ತೇನೆ. ನೀನು ಬೇಡವೆಂದರೆ ಏನು ಮಾಡುತ್ತೇನೋ ನನಗೇ ತಿಳಿಯದು.

ಅಮ್ಮ ಈಗ ತಾನೇ ಬಂದು, "ಯಾರಿಗೇ ಅಷ್ಟುದ್ದ ಬರೀತಿದ್ದೀಯ? ಅವಳ ಮನೆ ಏನು ಸಮುದ್ರದಾಚೆ ಇದೆಯಾ?" ಎಂದು ಕೇಳಿ ಹೋದರು. ಅವರಿಗೆ ಏನೂ ಹೇಳಿಲ್ಲ. ದೊಡ್ಡವಳು ದೊಡ್ಡ ಸಭೆಯಲ್ಲಿ ಮಾತಾಡುತ್ತಾಳೆಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಹಟ ಹಿಡಿದು ಅವರೂ ಸೋಮವಾರ ಬರುತ್ತಾರೆ, ಮೊದಲನೇ ಸಾಲಿನಲ್ಲೇ ಕೂರಬೇಕಂತೆ.

ನೀನು ದಯವಿಟ್ಟು ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾವನ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡ. ನನ್ನ ಮೇಲೆ ಎಷ್ಟು ಬೇಕಾದರೂ ತೀರಿಸಿಕೋ, ಆದರೆ ಮಾತು ಬಿಡಬೇಡ. ಅದೊಂದನ್ನು ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.

ನಿನ್ನ ತಂಗಿ

ಮರೆತ ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ ಅಕ್ಕಾ. ಟಿಪ್ಪಣಿ ಡ್ರಾಯರಿನಲ್ಲಿ ಇಲ್ಲ. ನಿನ್ನೆ ಮಧ್ಯಾಹ್ನವೇ ಸಭೆಯ ಅಧ್ಯಕ್ಷರ ಕಚೇರಿಗೆ ಮುಚ್ಚಿದ ಲಕೋಟೆಯಲ್ಲಿ ಕೊಟ್ಟು ಬಂದೆ. ವಾಪಸು ತರಲು ಬರುವುದಿಲ್ಲ. ನಿನ್ನ ಮಾತಿಗೆ ಕಾದಿದ್ದರೆ ನೀನು ಬೇಡವೆನ್ನುತ್ತಿದ್ದೆ, ನಾನು ಕೇಳಿಬಿಡುತ್ತಿದ್ದೆ. ನಾನು ಹೆದರಿದ್ದು ಅದಕ್ಕೇ, ನಿನಗಲ್ಲ. ನಿಯಮದ ಪ್ರಕಾರ ಅದನ್ನು ಸಭೆಯಲ್ಲೇ ಒಡೆಯುತ್ತಾರೆ, ಅಲ್ಲಿಯವರೆಗೆ ಸಾಹೇಬರಿಗೂ ಗೊತ್ತಾಗುವುದಿಲ್ಲ. ವರದಿ ಬರೆದವಳಿಗೆ ಮೊದಲ ಮಾತು, ಪರಿಶೀಲಿಸಿದವಳಿಗೆ ಎರಡನೆಯದು. ನಿನಗಾಗಿ ನನ್ನಿಂದ ಉಳಿಸಿಡಲು ಆದದ್ದು ಆ ಮೊದಲ ಮಾತೊಂದೇ. ನನ್ನ ಹೆಸರು ಕರೆಯುವ ಹೊತ್ತಿಗೆ ಹೇಳಲು ನನಗೇನೂ ಉಳಿಸಬೇಡ.